ಸ್ಮಾರ್ಟ್ ಮನೆಗೆ ಯಾವ ವೈರ್‌ಲೆಸ್? ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಸ್ಮಾರ್ಟ್ ಸ್ವಿಚ್ಚು, ಸೆನ್ಸರು ಹಾಕಿಸಲು ಹೊರಟ ನೆಂಟರು, ಗೆಳೆಯರು, ಅವರ ಎಲೆಕ್ಟ್ರಿಷಿಯನ್‌ಗಳು ಎದುರು ಸಿಕ್ಕಾಗ, ಫೋನಿನಲ್ಲಿ, ಪತ್ರದಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳಿವು. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿಂದಲೇ ಓದಬೇಕು ಅಂತೇನಿಲ್ಲ, ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಡಬ್ಬದ ಮೇಲಿನ ಹೆಸರಿಗಿಂತ ನಿಮ್ಮ ಗೋಡೆ ಎಂಥದ್ದು, ಕರೆಂಟ್ ಎಷ್ಟು ಸಲ ಹೋಗುತ್ತದೆ, ಮನೆಯಲ್ಲಿ ಯಾರ್ಯಾರು ಸ್ವಿಚ್ ಒತ್ತುತ್ತಾರೆ, ಇದೇ ಜಾಸ್ತಿ ಮುಖ್ಯ.

## ಶುರು ಮಾಡುವವರಿಗೆ

ಮನೇಲಿ ವೈಫೈ ಇದ್ಯಲ್ಲ, ಇನ್ನೊಂದು ವೈರ್‌ಲೆಸ್ ಯಾಕೆ ಬೇಕು?

ನಾಲ್ಕೈದು ಬಲ್ಬು, ಒಂದೆರಡು ಪ್ಲಗ್ಗು ಅಷ್ಟೇ ಆದರೆ ಬೇಡ. ವೈಫೈ ಸಾಕು. ಸುಮ್ನೆ ಹಬ್ (ಈ ಉಪಕರಣಗಳನ್ನೆಲ್ಲ ಒಂದೆಡೆ ಜೋಡಿಸಿ ನಡೆಸುವ ಪೆಟ್ಟಿಗೆ) ಕೊಂಡು ದುಡ್ಡು ಕಳೆಯಬೇಡಿ.

ತೊಂದರೆ ಶುರುವಾಗುವುದು ಎರಡು ಕಡೆ. ಒಂದು, ಬ್ಯಾಟರಿಯಲ್ಲಿ ನಡೆಯುವ ವಸ್ತುಗಳು. ಬಾಗಿಲು ತೆರೆದಿದೆಯೋ ಇಲ್ಲವೋ ಎಂದು ಹೇಳುವ ಸಣ್ಣ ಸೆನ್ಸರು ಜಿಗ್‌ಬೀ ಎಂಬ, ಕಡಿಮೆ ಕರೆಂಟ್ ತಿನ್ನುವ ವೈರ್‌ಲೆಸ್‌ನಲ್ಲಿ ಒಂದು ಬಟನ್ ಸೆಲ್ಲಿನ ಮೇಲೆ ವರ್ಷ ದಾಟಿ ಬಾಳುತ್ತದೆ. ಅದೇ ಕೆಲಸಕ್ಕೆ ವೈಫೈ ಇಟ್ಟರೆ ಬ್ಯಾಟರಿ ದೊಡ್ಡದು ಬೇಕು, ಬೇಗ ಖಾಲಿಯೂ ಆಗುತ್ತದೆ. ವೈಫೈ ಇರುವುದು ಜಾಸ್ತಿ ಡೇಟಾ ಸಾಗಿಸಲು. "ಬಾಗಿಲು ತೆರೆಯಿತು" ಎಂಬ ಒಂದು ಮಾತು ಹೇಳಲು ಅದು ಬಹಳ ಖರ್ಚಿನ ದಾರಿ.

ಎರಡನೆಯದು ಸಂಖ್ಯೆ. ಇಂಟರ್ನೆಟ್ ಕಂಪನಿ ಕೊಟ್ಟ ರೂಟರ್‌ಗೆ ಮೊಬೈಲು, ಲ್ಯಾಪ್‌ಟಾಪು, ಟಿವಿ ಎಲ್ಲ ಮೊದಲೇ ಅಂಟಿಕೊಂಡಿರುತ್ತವೆ. ಅದರ ಮೇಲೆ ಮೂವತ್ತು ನಲವತ್ತು ಸ್ವಿಚ್ ಮಾಡ್ಯೂಲ್ (ಗೋಡೆಯ ಸ್ವಿಚ್ಚಿನ ಹಿಂದೆ ಕೂರುವ ಪುಟ್ಟ ಪೆಟ್ಟಿಗೆ) ಹೇರಿದರೆ ಅಗ್ಗದ ರೂಟರ್ ತಡವರಿಸುತ್ತದೆ. ಯಾವುದೋ ಒಂದು ಸ್ವಿಚ್ಚು ಕಾರಣವಿಲ್ಲದೆ ಆ್ಯಪಿನಲ್ಲಿ ಆಫ್‌ಲೈನ್ ಅಂತ ತೋರಿಸುತ್ತೆ, ನಾಳೆ ಇನ್ನೊಂದು.

ಜಿಗ್‌ಬೀ, ಝೀ-ವೇವ್, ಥ್ರೆಡ್, ಮ್ಯಾಟರ್ ಅಂತಾರಲ್ಲ, ಇವೆಲ್ಲ ಒಂದೇನಾ?

ಅಲ್ಲ. ಮೊದಲು ಮ್ಯಾಟರ್ ಅನ್ನು ಪಕ್ಕಕ್ಕಿಡಿ. ಅದು ರೇಡಿಯೋನೇ ಅಲ್ಲ. ಬೇರೆ ಬೇರೆ ಕಂಪನಿಯ ಉಪಕರಣಗಳು ಒಂದಕ್ಕೊಂದು ಅರ್ಥವಾಗಲಿ ಎಂದು ಮಾಡಿದ ಒಂದು ಭಾಷೆ. 2022ರ ಅಕ್ಟೋಬರಿನಲ್ಲಿ ಅದರ ಮೊದಲ ಆವೃತ್ತಿ ಬಂತು. ವೈಫೈ, ಈಥರ್ನೆಟ್ ತಂತಿ, ಥ್ರೆಡ್, ಈ ಮೂರರ ಮೇಲೂ ಅದು ಓಡುತ್ತದೆ.

ಜಿಗ್‌ಬೀ ಮತ್ತು ಥ್ರೆಡ್ ಎರಡಕ್ಕೂ ತಳದಲ್ಲಿರುವುದು ಒಂದೇ ರೇಡಿಯೋ ಮಾನದಂಡ, 802.15.4. ಎರಡೂ 2.4 ಗಿಗಾಹರ್ಟ್ಜ್, ವೈಫೈ ಕೂಡ ಇರುವ ಜಾಗ. ಎರಡೂ ಮೆಶ್, ಅಂದರೆ ಕರೆಂಟಿಗೆ ಜೋಡಿಸಿದ ಪ್ರತಿ ಉಪಕರಣವೂ ಪಕ್ಕದ್ದಕ್ಕೆ ಸಂದೇಶ ದಾಟಿಸುತ್ತದೆ. ಬ್ಯಾಟರಿಯವು ದಾಟಿಸುವುದಿಲ್ಲ, ನಿದ್ದೆ ಮಾಡುತ್ತವೆ. ಜಿಗ್‌ಬೀ ಹಳೆಯದು, ಸಾಮಾನು ಬೇಕಾದಷ್ಟು ಸಿಗುತ್ತದೆ, ಅಗ್ಗ. ಥ್ರೆಡ್‌ನಲ್ಲಿ ಪ್ರತಿ ಉಪಕರಣಕ್ಕೂ ಇಂಟರ್ನೆಟ್ ಮಾದರಿಯ ಐಪಿ ವಿಳಾಸ ಇರುತ್ತದೆ. ಇಡೀ ಜಾಲ ಒಂದೇ ಯಜಮಾನನ ಮೇಲೆ ನಿಂತಿರುವುದಿಲ್ಲ.

ಝೀ-ವೇವ್ 2.4 ಗಿಗಾಹರ್ಟ್ಜ್ ಗದ್ದಲದಿಂದ ದೂರ, ನಮ್ಮ ದೇಶದಲ್ಲಿ 865.2 ಮೆಗಾಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತದೆ. ತರಂಗ ಉದ್ದ, ಗೋಡೆ ದಾಟುವುದು ವಾಸಿ. ಆದರೆ ಇಲ್ಲಿ ಆಯ್ಕೆ ಕಡಿಮೆ, ಬೆಲೆ ಜಾಸ್ತಿ.

ಬ್ಲೂಟೂತ್ ಮೆಶ್ ಅಂತಲೂ ಒಂದಿದೆ, 2017ರದ್ದು. ಲೈಟುಗಳಿಗೆ ಪರವಾಗಿಲ್ಲ.

ಇಂಟರ್ನೆಟ್ ಹೋದ್ರೆ ಲೈಟ್ ಹಾಕೋಕೂ ಆಗಲ್ವಾ?

ಗೋಡೆಯ ಸ್ವಿಚ್ಚನ್ನು ಉಳಿಸಿಕೊಂಡಿದ್ದರೆ ಯಾವಾಗಲೂ ಆಗುತ್ತದೆ. ಆ್ಯಪಿನ ವಿಷಯ ಬೇರೆ. ಅಗ್ಗದ ವೈಫೈ ಪ್ಲಗ್ಗುಗಳಲ್ಲಿ ನೀವು ಬಟನ್ ಒತ್ತಿದ್ದು ಮೊದಲು ದೂರದ ಯಾವುದೋ ಸರ್ವರಿಗೆ ಹೋಗಿ ಮತ್ತೆ ಮನೆಗೆ ಬರುತ್ತದೆ. ಬೀದಿಯಲ್ಲಿ ಯಾರೋ ರಸ್ತೆ ಅಗೆದು ಫೈಬರ್ ಕತ್ತರಿಸಿದರೆ ಅಲ್ಲಿಗೆ ಮುಗಿಯಿತು. ನಮ್ಮೂರಲ್ಲಿ ಇದು ಅಪರೂಪದ ಸಂಗತಿಯೇನಲ್ಲ.

ಜಿಗ್‌ಬೀ, ಝೀ-ವೇವ್, ಥ್ರೆಡ್‌ಗಳಲ್ಲಿ ಮಾತುಕತೆ ಮನೆಯೊಳಗೇ ನಡೆಯುತ್ತದೆ. ಮ್ಯಾಟರ್ ಕೂಡ ಸ್ಥಳೀಯವಾಗಿ ಓಡುವಂತೆಯೇ ಮಾಡಿದ್ದು. ಆದರೂ ಹಬ್ಬು ತನ್ನ ನಿಯಮಗಳನ್ನು ಮನೆಯಲ್ಲೇ ನಡೆಸುತ್ತದೋ, ಕ್ಲೌಡಿನಲ್ಲಿ ನಡೆಸುತ್ತದೋ ಎಂದು ಅಂಗಡಿಯಲ್ಲೇ ಕೇಳಿ. ಕೊಂಡ ಮೇಲೆ ಒಂದು ಸರಳ ಪರೀಕ್ಷೆ ಮಾಡಬಹುದು. ರೂಟರ್‌ಗೆ ಬರುವ ಫೈಬರ್ ತಂತಿ ಬಿಚ್ಚಿ, ಸೆನ್ಸರ್ ಮುಂದೆ ಓಡಾಡಿ. ಲೈಟ್ ಹತ್ತಿದರೆ ಸರಿ.

ನಮ್ಮದು ಬಾಡಿಗೆ ಮನೆ. ಓನರ್ ಒಂದು ಮೊಳೆ ಹೊಡೆಯೋಕೂ ಬಿಡಲ್ಲ. ಏನ್ ಹಾಕ್ಬಹುದು?

ಸ್ವಿಚ್‌ಬೋರ್ಡ್ ಮುಟ್ಟಬೇಡಿ. ಅಡ್ವಾನ್ಸ್ ವಾಪಸ್ ಕೇಳುವ ದಿನ ಅದೇ ನೆಪವಾಗುತ್ತದೆ.

ಸಾಕೆಟ್ಟಿಗೆ ಚುಚ್ಚುವ ಜಿಗ್‌ಬೀ ಪ್ಲಗ್ಗುಗಳು ಎರಡು ಮೂರು, ಅಂಟಿಸುವ ಬಾಗಿಲು ಸೆನ್ಸರು, ಓಡಾಟದ ಸೆನ್ಸರು, ಎಲ್ಲೆಂದರಲ್ಲಿ ಇಡಬಹುದಾದ ಬ್ಯಾಟರಿ ಬಟನ್ನು. ಇಷ್ಟರಲ್ಲಿ ಬಹಳ ಕೆಲಸ ಆಗುತ್ತದೆ. ಪ್ಲಗ್ಗುಗಳೇ ಮೆಶ್ಶಿನ ಕೊಂಡಿಗಳೂ ಆಗುತ್ತವೆ. ಮನೆ ಬದಲಿಸಿದಾಗ ಹಬ್ ಸಮೇತ ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ. ಹೊಸ ಮನೆಯಲ್ಲಿ ಹಬ್ ಆನ್ ಮಾಡಿದರೆ ಜೋಡಣೆ ಹಾಗೇ ಇರುತ್ತದೆ. ವೈಫೈ ಸಾಮಾನಿಗಿಂತ ಇಲ್ಲಿ ಜಿಗ್‌ಬೀ ಗೆಲ್ಲುವುದು ಈ ಕಾರಣಕ್ಕೆ. ಹೊಸ ಮನೆಯ ಇಂಟರ್ನೆಟ್ ಬೇರೆ ಆದರೂ ಅದಕ್ಕೆ ಗೊತ್ತೇ ಆಗುವುದಿಲ್ಲ.

ಸುಮ್ನೆ ಒಂದು ಮಾತಲ್ಲಿ ಹೇಳಿ, ಎರಡು ಬೆಡ್‌ರೂಮಿನ ಮನೆಗೆ ಯಾವುದು?

ಸ್ವಿಚ್ಚು, ಸೆನ್ಸರು, ಬಟನ್ನಿಗೆ ಜಿಗ್‌ಬೀ. ಕ್ಯಾಮೆರಾ, ಟಿವಿ, ರೋಬೋ ಪೊರಕೆಗೆ ವೈಫೈ. ಹಬ್ಬು ಮಾತ್ರ ಮ್ಯಾಟರ್, ಥ್ರೆಡ್ ಎರಡೂ ಬಲ್ಲಂಥದ್ದು ತಗೊಳ್ಳಿ, ಮುಂದಕ್ಕೆ ಆಗುತ್ತದೆ. ಈಗಾಗಲೇ ಮನೆಯಲ್ಲಿ ಥ್ರೆಡ್ ಇರುವ ಸ್ಪೀಕರ್ ಇದ್ದು, ಬಜೆಟ್ ಧಾರಾಳ ಇದ್ದರೆ ಥ್ರೆಡ್‌ನಿಂದಲೇ ಶುರು ಮಾಡಿದರೂ ತಪ್ಪಿಲ್ಲ. ಆದರೆ ನಮ್ಮ ಮಾಡ್ಯುಲರ್ ಸ್ವಿಚ್‌ಬೋರ್ಡಿನ ಒಳಗೆ ಕೂರುವಂಥ ಮಾಡ್ಯೂಲ್‌ಗಳಲ್ಲಿ ಜಿಗ್‌ಬೀಗೇ ಆಯ್ಕೆ ಜಾಸ್ತಿ.

## ಗೋಡೆ, ವೈರು, ಕರೆಂಟು

ಮನೆ ಕಟ್ಟಿಸ್ತಾ ಇದ್ದೀವಿ. ಈಗಲೇ ಏನು ಮಾಡಿಸ್ಬೇಕು?

ಯಾವ ಪ್ರೋಟೋಕಾಲ್ (ಜಿಗ್‌ಬೀ, ಥ್ರೆಡ್ ಇಂಥದ್ದು) ಎಂದು ಈಗ ತಲೆ ಕೆಡಿಸಿಕೊಳ್ಳಬೇಡಿ. ಗೋಡೆ ಪ್ಲಾಸ್ಟರ್ ಆಗುವ ಮುಂಚೆ ಎಲೆಕ್ಟ್ರಿಷಿಯನ್‌ಗೆ ಇಷ್ಟು ಹೇಳಿ.

ಪ್ರತಿ ಸ್ವಿಚ್ ಬಾಕ್ಸಿಗೂ ನ್ಯೂಟ್ರಲ್ ಬರಲಿ (ಕರೆಂಟ್ ವಾಪಸ್ ಹೋಗುವ ತಂತಿ, ಬಹಳ ಮಾಡ್ಯೂಲುಗಳಿಗೆ ಅದಿಲ್ಲದೆ ಆಗದು). ಬಾತ್‌ರೂಮಿನ ಹೊರಗಿನ ಪುಟ್ಟ ಬೋರ್ಡಿಗೂ, ಮೆಟ್ಟಿಲ ಬಳಿಯ ಟೂ-ವೇ ಬೋರ್ಡಿಗೂ. ವೈರಿನ ಖರ್ಚು ಸ್ವಲ್ಪ, ಆಮೇಲೆ ಗೋಡೆ ಒಡೆಯುವ ಖರ್ಚು ಬಹಳ. ಬಾಕ್ಸು ಆಳವಾಗಿರಲಿ, ಸ್ವಿಚ್ಚಿನ ಹಿಂದೆ ಮಾಡ್ಯೂಲ್ ಕೂರಬೇಕು. ಪ್ರತಿ ಮಹಡಿಯ ಸೀಲಿಂಗ್ ನಡುವಿಗೆ, ಗೇಟಿನ ಕ್ಯಾಮೆರಾ ಜಾಗಕ್ಕೆ, ಟಿವಿ ಹಿಂದಕ್ಕೆ ಒಂದೊಂದು ಈಥರ್ನೆಟ್ ತಂತಿ ಎಳೆಸಿ. ಸಂಪಿನಿಂದ ತಾರಸಿ ಟ್ಯಾಂಕಿನವರೆಗೆ ಒಂದು ಖಾಲಿ ಪೈಪ್ ಬಿಡಿಸಿ. ವೈರ್‌ಲೆಸ್ ಬಗ್ಗೆ ಬರೆಯುತ್ತಾ ತಂತಿ ಎಳೆಸಿ ಅಂತ ಹೇಳುತ್ತಿದ್ದೇನೆ, ಗೊತ್ತು. ತಂತಿಯಲ್ಲಿ ಹೋಗಬಹುದಾದ್ದನ್ನೆಲ್ಲ ತಂತಿಯಲ್ಲಿ ಕಳಿಸಿದರೆ ಉಳಿದದ್ದಕ್ಕೆ ಗಾಳಿ ಖಾಲಿ ಇರುತ್ತದೆ.

ಇನ್ನೊಂದು. ಗೋಡೆಯೊಳಗೆ ಕೂರಿಸುವ ಬಾಕ್ಸು ನಮ್ಮಲ್ಲಿ ಸಾಮಾನ್ಯವಾಗಿ ತಗಡಿನದು. ತಗಡು ರೇಡಿಯೋವನ್ನು ತಡೆಯುತ್ತದೆ. ಮಾಡ್ಯೂಲಿನ ಸಿಗ್ನಲ್ ಮುಂದಿನ ಪ್ಲಾಸ್ಟಿಕ್ ಪ್ಲೇಟಿನ ಕಡೆಯಿಂದ ಮಾತ್ರ ಹೊರಬರುತ್ತದೆ. ಮಾಡ್ಯೂಲಿಗೆ ಸಣ್ಣ ಆಂಟೆನಾ ತಂತಿ ಇದ್ದರೆ ಅದನ್ನು ಬಾಕ್ಸಿನ ಆಳಕ್ಕೆ ತುರುಕದೆ ಪ್ಲೇಟಿನ ಅಂಚಿಗೆ ತಂದು ಬಿಡಲು ಹೇಳಿ. ಪ್ಲಾಸ್ಟಿಕ್ ಬಾಕ್ಸ್ ಹಾಕಿಸಿದರೆ ಈ ರಗಳೆಯೇ ಇಲ್ಲ.

ಬೋರ್ಡಲ್ಲಿ ನ್ಯೂಟ್ರಲ್ ಇಲ್ಲ ಅಂತಾರೆ ಎಲೆಕ್ಟ್ರಿಷಿಯನ್. ಹೌದಾ?

ಒಂದೇ ಮಾತಿಗೆ ನಂಬಬೇಡಿ. ಅದೇ ಬೋರ್ಡಿನಲ್ಲಿ ಒಂದು ಸಾಕೆಟ್ ಇದ್ದರೆ ನ್ಯೂಟ್ರಲ್ ಇದ್ದೇ ಇರುತ್ತದೆ, ಇಲ್ಲದಿದ್ದರೆ ಸಾಕೆಟ್ ಕೆಲಸ ಮಾಡುವುದು ಹೇಗೆ? ನಮ್ಮ ಮನೆಗಳ ರೂಮಿನ ಬೋರ್ಡುಗಳಲ್ಲಿ ಸ್ವಿಚ್ಚಿನ ಜೊತೆ ಸಾಕೆಟ್ ಇರುವುದೇ ವಾಡಿಕೆ. ಹಾಗಾಗಿ ಬಹಳ ಸಲ ಸಮಸ್ಯೆ ಇರುವುದಿಲ್ಲ. ನಿಜವಾಗಿ ಇಲ್ಲದಿರುವುದು ಬರೀ ಸ್ವಿಚ್ಚುಗಳಿರುವ ಬೋರ್ಡುಗಳಲ್ಲಿ, ಮೆಟ್ಟಿಲು, ಬಾಲ್ಕನಿ, ಬಾತ್‌ರೂಮಿನ ಹತ್ತಿರ.

ಅಲ್ಲಿಗೆ ನ್ಯೂಟ್ರಲ್ ಬೇಡದ ಜಿಗ್‌ಬೀ ಮಾಡ್ಯೂಲ್ ಸಿಗುತ್ತದೆ. ಅದು ಲೈಟಿನ ಮೂಲಕವೇ ಚೂರು ಕರೆಂಟ್ ಹಾಯಿಸಿಕೊಂಡು ಬದುಕುತ್ತದೆ. ಸಣ್ಣ ಎಲ್‌ಇಡಿ ಬಲ್ಬ್ ಇದ್ದರೆ ಆಫ್ ಮಾಡಿದ ಮೇಲೂ ಮಂಕಾಗಿ ಮಿಣುಗುತ್ತದೆ. ಆಗ ಲೈಟಿನ ಬಳಿ ಒಂದು ಕೆಪಾಸಿಟರ್ ಹಾಕಬೇಕು. ಇನ್ನೂ ಒಂದು ಕೊರತೆ ಇದೆ. ಇಂಥ ಮಾಡ್ಯೂಲುಗಳು ಸಾಮಾನ್ಯವಾಗಿ ಮೆಶ್ಶಿನಲ್ಲಿ ಬೇರೆಯವರ ಸಂದೇಶ ದಾಟಿಸುವುದಿಲ್ಲ. ಮನೆ ಪೂರ್ತಿ ಇವನ್ನೇ ಹಾಕಿಸಿದರೆ ಮೆಶ್ ಅಂತ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ.

ಹೊಸ ಅಪಾರ್ಟ್‌ಮೆಂಟು, ಮೈವಾನ್ ಗೋಡೆ. ಕೊನೆ ರೂಮಿಗೆ ವೈಫೈನೇ ಬರಲ್ಲ. ಜಿಗ್‌ಬೀ ಬರುತ್ತಾ?

ಮೈವಾನ್ ಕಟ್ಟಡದಲ್ಲಿ ಇಟ್ಟಿಗೆ, ಬ್ಲಾಕ್ ಇರುವುದಿಲ್ಲ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆಯನ್ನೂ ಸ್ಲ್ಯಾಬಿನ ಹಾಗೆ ಕಬ್ಬಿಣ ಕಟ್ಟಿ ಕಾಂಕ್ರೀಟ್ ಸುರಿದಿರುತ್ತಾರೆ. ರೇಡಿಯೋಗೆ ಇದಕ್ಕಿಂತ ಕಷ್ಟದ ಮನೆ ಇಲ್ಲ. ಹಳೇ ಜಯನಗರ, ಮಲ್ಲೇಶ್ವರದ ಇಟ್ಟಿಗೆ ಮನೆಗಳಲ್ಲಿ ಎರಡು ಗೋಡೆ ಆರಾಮಾಗಿ ದಾಟುವ ಸಿಗ್ನಲ್ಲು ಇಲ್ಲಿ ಒಂದರಲ್ಲೇ ಸುಸ್ತಾಗುತ್ತದೆ.

ಜಿಗ್‌ಬೀ ಕೂಡ 2.4 ಗಿಗಾಹರ್ಟ್ಜ್, ಗೋಡೆ ದಾಟುವುದರಲ್ಲಿ ವೈಫೈಗಿಂತ ಜಾಣನೇನಲ್ಲ. ಅದರ ಅನುಕೂಲ ಬೇರೆ. ಅದು ಗೋಡೆ ಬಳಸಿಕೊಂಡು, ಬಾಗಿಲ ಸಂದಿಯಿಂದ, ಒಂದು ಪ್ಲಗ್ಗಿನಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ಹಾಗಾಗಿ ಕೊಂಡಿಗಳನ್ನು ಎಲ್ಲಿ ಇಡುತ್ತೀರಿ ಎನ್ನುವುದು ಮುಖ್ಯ. ಹಾಲಿನಲ್ಲಿ ಹಬ್. ಪ್ಯಾಸೇಜಿನಲ್ಲಿ ಒಂದು ಪ್ಲಗ್ಗು, ಅಲ್ಲಿಂದ ಪ್ರತಿ ರೂಮಿನ ಬಾಗಿಲು ಕಾಣುವ ಹಾಗೆ. ಪ್ರತಿ ರೂಮಿನ ಬಾಗಿಲ ಪಕ್ಕದ ಬೋರ್ಡಿನಲ್ಲಿ ಒಂದು ಮಾಡ್ಯೂಲ್. ಒಂದರಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣುವಂತಿದ್ದರೆ ಅರ್ಧ ಕೆಲಸ ಮುಗಿಯಿತು.

ಹಬ್ಬನ್ನು ಟಿವಿ ಹಿಂದೆ ಅಥವಾ ಮುಖ್ಯ ಬಾಗಿಲ ಪಕ್ಕದ ತಗಡಿನ ಡಿಬಿ ಬಾಕ್ಸಿನಲ್ಲಿ (ಮನೆಯ ಮೇನ್ ಸ್ವಿಚ್ಚುಗಳಿರುವ ಪೆಟ್ಟಿಗೆ) ಮುಚ್ಚಿಡುವುದು ಬಹಳ ಜನ ಮಾಡುವ ಕೆಲಸ. ನೋಡೋಕೆ ಚೆಂದ. ಸಿಗ್ನಲ್ ಸತ್ತಂತೆ.

ಕರೆಂಟ್ ಹೋಗಿ ಬಂದ್ರೆ ರಾತ್ರಿ ಎರಡು ಗಂಟೆಗೆ ಎಲ್ಲ ಲೈಟೂ ಹತ್ಕೊಳ್ಳುತ್ತೆ. ಇದಕ್ಕೇನು ಮಾಡೋದು?

ಕರೆಂಟ್ ಬಂದ ಮೇಲೆ ಏನು ಮಾಡಬೇಕು ಎಂದು ಹೇಳುವ ಆಯ್ಕೆ ಒಳ್ಳೆಯ ಬಲ್ಬು, ಸ್ವಿಚ್ಚುಗಳಲ್ಲಿ ಇರುತ್ತದೆ. ಆನ್, ಆಫ್, ಮೊದಲು ಹೇಗಿತ್ತೋ ಹಾಗೆ. ಮೂರನೆಯದನ್ನು ಆಯ್ದುಕೊಳ್ಳಿ. ಈ ಆಯ್ಕೆ ಇಲ್ಲದ ಸಾಮಾನನ್ನು ಬೆಂಗಳೂರಿನಲ್ಲಿ ಕೊಳ್ಳಲೇಬೇಡಿ.

ಆದರೆ ಕರೆಂಟಿನ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಬಹಳ ಸ್ಮಾರ್ಟ್ ಬಲ್ಬುಗಳಲ್ಲಿ ಬೇಗ ಬೇಗ ನಾಲ್ಕೈದು ಸಲ ಆಫ್-ಆನ್ ಮಾಡಿದರೆ ರೀಸೆಟ್ ಆಗುವ ಏರ್ಪಾಡು ಇರುತ್ತದೆ. ಮಳೆಗಾಲದಲ್ಲಿ ಬೆಸ್ಕಾಂ ಲೈನಿನ ಮೇಲೆ ಕೊಂಬೆ ತಾಗಿ ಕರೆಂಟ್ ಪಟಪಟ ಹೋಗಿ ಬಂದಾಗ ಬಲ್ಬು ಅದನ್ನೇ ರೀಸೆಟ್ ಅಂತ ತಿಳಿದು ಮಿಣ ಮಿಣ ಮಿಟುಕುತ್ತಾ ಹೊಸ ಜೋಡಣೆಗೆ ಕಾಯುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಹಾಲಿನ ಬಲ್ಬುಗಳು ಜಾಲದಲ್ಲೇ ಇಲ್ಲ. ನಾನು ಬಲ್ಬಿಗಿಂತ ಸ್ವಿಚ್ ಮಾಡ್ಯೂಲ್ ಹಾಕಿಸಿ ಅನ್ನುವುದಕ್ಕೆ ಇದೂ ಒಂದು ಕಾರಣ. ಮಾಡ್ಯೂಲಿನಲ್ಲಿ ರೀಸೆಟ್ಟಿಗೆ ಸಾಮಾನ್ಯವಾಗಿ ಬಟನ್ ಒತ್ತಿ ಹಿಡಿಯಬೇಕು ಅಥವಾ ಗೋಡೆಯ ಸ್ವಿಚ್ಚನ್ನೇ ಪಟಪಟ ಆಡಿಸಬೇಕು.

ಇನ್ನು ಯುಪಿಎಸ್. ನಮ್ಮ ಮನೆಗಳಲ್ಲಿ ಯುಪಿಎಸ್ ಲೈನ್ ಲೈಟು ಫ್ಯಾನಿಗೆ ಮಾತ್ರ, ಸಾಕೆಟ್ಟುಗಳು ಬಹುಪಾಲು ನೇರ ಲೈನಿನಲ್ಲಿ. ರೂಟರ್ ಮತ್ತು ಹಬ್ಬು ಯುಪಿಎಸ್ಸಿನಲ್ಲಿರಲಿ ಎಂದು ಎಲ್ಲರೂ ನೋಡಿಕೊಳ್ಳುತ್ತಾರೆ. ನಡುವಿನ ಕೊಂಡಿಗಳನ್ನು ಮರೆಯುತ್ತಾರೆ. ಪ್ಯಾಸೇಜಿನ ಪ್ಲಗ್ಗು ನೇರ ಲೈನಿನಲ್ಲಿದ್ದರೆ ಕರೆಂಟ್ ಹೋದ ಕೂಡಲೇ ಅದೂ ಸಾಯುತ್ತದೆ. ಅದನ್ನು ನಂಬಿದ್ದ ಹಿಂದಿನ ಬಾಗಿಲ ಸೆನ್ಸರು ಅನಾಥ. ಅದು ಬೇರೆ ಕೊಂಡಿ ಹುಡುಕುತ್ತಾ ಬ್ಯಾಟರಿಯನ್ನೂ ತಿನ್ನುತ್ತದೆ. ಹಾಗಾಗಿ ಮೆಶ್ಶಿನ ಬೆನ್ನೆಲುಬು ಯುಪಿಎಸ್ ಲೈನಿನ ಬೋರ್ಡುಗಳಲ್ಲೇ ಇರಲಿ. ಒಂದು ದಿನ ಮೇನ್ ಇಳಿಸಿ ಮನೆಯೆಲ್ಲ ಓಡಾಡಿ ನೋಡಿ, ಯಾವುದು ಬದುಕಿದೆ, ಯಾವುದು ಇಲ್ಲ ಅಂತ ತಕ್ಷಣ ಗೊತ್ತಾಗುತ್ತದೆ.

ಅಮ್ಮ ಗೋಡೆ ಸ್ವಿಚ್ ಆಫ್ ಮಾಡಿಬಿಡ್ತಾರೆ, ಆಮೇಲೆ ಆ್ಯಪಲ್ಲಿ ಲೈಟ್ ಹತ್ತಲ್ಲ. ಅಮ್ಮನಿಗೆ ಹೇಗೆ ಹೇಳೋದು?

ಅಮ್ಮನಿಗೆ ಏನೂ ಹೇಳಬೇಡಿ. ಸ್ವಿಚ್ ಇರುವುದೇ ಒತ್ತಲು.

ಸ್ಮಾರ್ಟ್ ಬಲ್ಬಿಗೆ ಕರೆಂಟ್ ಸದಾ ಬೇಕು. ಜಿಗ್‌ಬೀ ಬಲ್ಬಾದರೆ ಸ್ವಿಚ್ ಆಫ್ ಆದಾಗ ಒಂದು ಕೊಂಡಿಯೂ ಕಳಚಿತು, ಅದರ ಹಿಂದಿನ ಸೆನ್ಸರುಗಳೂ ಒದ್ದಾಡುತ್ತವೆ. ಬಲ್ಬ್ ಸಾದಾ ಇರಲಿ, ಸ್ವಿಚ್ಚಿನ ಹಿಂದೆ ಮಾಡ್ಯೂಲ್ ಇರಲಿ. ಆಗ ಗೋಡೆಯಲ್ಲಿ ಒತ್ತಿದರೂ ಸರಿ, ಫೋನಿನಲ್ಲಿ ಒತ್ತಿದರೂ ಸರಿ. ಬಣ್ಣದ ಬಲ್ಬೇ ಬೇಕು ಅಂದರೆ ಟೇಬಲ್ ಲ್ಯಾಂಪಿಗೆ ಹಾಕಿ.

## ಒಂದೊಂದು ಸಾಮಾನಿನ ಪ್ರಶ್ನೆ

ತಾರಸಿ ಟ್ಯಾಂಕಲ್ಲಿ ನೀರು ಎಷ್ಟಿದೆ ಅಂತ ಕೆಳಗೆ ಗೊತ್ತಾಗ್ಬೇಕು, ಮೋಟರ್ ತಾನೇ ಆಫ್ ಆಗ್ಬೇಕು. ಯಾವುದು ಸರಿ?

ಬೆಂಗಳೂರಿನಲ್ಲಿ ಸ್ಮಾರ್ಟ್ ಮನೆಯಿಂದ ನಿಜವಾಗಿ ಉಪಯೋಗ ಆಗುವ ಕೆಲಸ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ಕಾವೇರಿ ನೀರು ಸಂಪಿಗೆ ಬರುವ ಹೊತ್ತು ಒಂದು, ಟ್ಯಾಂಕ್ ಖಾಲಿಯಾಗುವ ಹೊತ್ತು ಇನ್ನೊಂದು. ಮೋಟರ್ ಹಾಕಿ ಮರೆತರೆ ಬೀದಿಗೆಲ್ಲ ನೀರು.

30×40 ಸೈಟಿನಲ್ಲಿ ಎರಡು ಮಹಡಿ ಕಟ್ಟಿದ ಮನೆ ಅಂದುಕೊಳ್ಳಿ. ಸಂಪು, ಮೋಟರ್ ಪೋರ್ಟಿಕೋದಲ್ಲಿ. ಟ್ಯಾಂಕ್ ತಾರಸಿಯ ಮೂಲೆಯಲ್ಲಿ, ಅದೂ ಮೆಟ್ಟಿಲ ರೂಮಿನ ಸ್ಲ್ಯಾಬಿನ ಮೇಲೆ. ನಡುವೆ ಮೂರು ಕಾಂಕ್ರೀಟ್ ಸ್ಲ್ಯಾಬು. 2.4 ಗಿಗಾಹರ್ಟ್ಜ್ ಇಷ್ಟನ್ನು ನೇರವಾಗಿ ದಾಟುವುದಿಲ್ಲ. ನೀರು ಕೂಡ ಆ ತರಂಗವನ್ನು ಚೆನ್ನಾಗಿ ಹೀರುತ್ತದೆ, ಸೆನ್ಸರನ್ನು ತುಂಬಿದ ಟ್ಯಾಂಕಿನ ಆಚೆ ಬದಿಗೆ ಅಂಟಿಸಿದರೆ ಇನ್ನೂ ಕಷ್ಟ.

ಖಾಲಿ ಪೈಪ್ ಇದ್ದರೆ ತಂತಿ ಎಳೆದು ಫ್ಲೋಟ್ ಸ್ವಿಚ್ ಹಾಕಿ, ಅದಕ್ಕಿಂತ ನಂಬಿಕೆಯದು ಇಲ್ಲ. ತಂತಿ ಆಗದಿದ್ದರೆ ಲೋರಾ ಎಂಬ ಇನ್ನೊಂದು ರೇಡಿಯೋ. ನಮ್ಮಲ್ಲಿ ಅದು 865ರಿಂದ 867 ಮೆಗಾಹರ್ಟ್ಜ್‌ನಲ್ಲಿ ನಡೆಯುತ್ತದೆ, ಈ ತರಂಗ ಪಟ್ಟಿಗೆ ಲೈಸೆನ್ಸ್ ಬೇಡ. ಡೇಟಾ ನಿಧಾನ, ಆದರೆ ದೂರ ಹೋಗುತ್ತದೆ. ನೀರಿನ ಮಟ್ಟ ಹೇಳಲು ಎಷ್ಟು ವೇಗ ಬೇಕು ಹೇಳಿ. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಲೋರಾ ಮಾಡ್ಯೂಲ್ ಕೇಳುವಾಗ 433 ಅಥವಾ 915 ಅಂತ ಬರೆದದ್ದನ್ನು ಕೊಟ್ಟಾರು, ಅವು ಬೇಡ. 868 ಎಂದು ಬರೆದದ್ದು ಆಗುತ್ತದೆ, ಅದನ್ನು ಸೆಟ್ಟಿಂಗಿನಲ್ಲಿ ನಮ್ಮ ಪಟ್ಟಿಗೆ ಇಳಿಸಿಕೊಳ್ಳಬೇಕು.

ಇನ್ನೊಂದು ಮುಖ್ಯ. ಮೋಟರ್ ಆಫ್ ಮಾಡುವ ಕೆಲಸವನ್ನು ಪೂರ್ತಿ ವೈರ್‌ಲೆಸ್ಸಿಗೆ ಬಿಡಬೇಡಿ. ಮೇಲಿನ ಸೆನ್ಸರು ಮಾತಾಡುವುದು ನಿಂತರೂ ಇಂತಿಷ್ಟು ನಿಮಿಷಕ್ಕೆ ತಾನೇ ನಿಲ್ಲುವ ಟೈಮರ್ ಮೋಟರ್ ಹತ್ತಿರದ ರಿಲೇಯಲ್ಲೇ (ಕರೆಂಟನ್ನು ಆನ್-ಆಫ್ ಮಾಡುವ ಒಳಗಿನ ಸ್ವಿಚ್ಚು) ಇರಲಿ. ಸಂಪು ಬರಿದಾದಾಗ ಮೋಟರ್ ಒಣ ಓಡದಂತೆ ಕೆಳಗೂ ಒಂದು ಫ್ಲೋಟ್ ಇರಲಿ.

ಗೀಸರ್, ಎಸಿ, ಫ್ಯಾನಿಗೂ ಇದೇ ಮಾಡ್ಯೂಲ್ ನಡೆಯುತ್ತಾ?

ಗೀಸರ್‌ಗೆ ಹುಷಾರು. 2000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ, 3000 ವಾಟಿನದು 13. ಲೈಟಿನ 10 ಆಂಪಿಯರ್ ಮಾಡ್ಯೂಲ್ ಹಾಕಿದರೆ ದಿನಾ ಬಿಸಿಯಾಗಿ ಒಂದು ದಿನ ರಿಲೇ ಅಂಟಿಕೊಳ್ಳುತ್ತದೆ. ಅಂಟಿಕೊಂಡರೆ ಆಫ್ ಆಗುವುದೇ ಇಲ್ಲ. 16 ಆಂಪಿಯರಿನದ್ದೇ ಬೇಕು. ಮೋಟರಿಗೆ ಮಾಡ್ಯೂಲ್ ನೇರ ಕೊಡದೆ ನಡುವೆ ಕಾಂಟ್ಯಾಕ್ಟರ್ (ಜಾಸ್ತಿ ಕರೆಂಟ್ ತಾಳುವ ದೊಡ್ಡ ರಿಲೇ) ಹಾಕಿಸಿ. ಶುರುವಾಗುವ ಕ್ಷಣದಲ್ಲಿ ಮೋಟರ್ ಎಳೆಯುವ ಕರೆಂಟ್ ಮಾಮೂಲಿಗಿಂತ ಹಲವು ಪಟ್ಟು.

ಎಸಿಗೆ ಗೋಡೆಯ ಸ್ವಿಚ್ಚಿನಿಂದ ಆಫ್ ಮಾಡುವುದು ಸರಿಯಲ್ಲ. ಇನ್‌ಫ್ರಾರೆಡ್ ಬ್ಲಾಸ್ಟರ್ ಇಡಿ, ಅದು ರಿಮೋಟಿನ ಹಾಗೆ ಸಿಗ್ನಲ್ ಕೊಡುತ್ತದೆ. ಬ್ಲಾಸ್ಟರಿಗೆ ಎಸಿ ನೇರ ಕಾಣಬೇಕು. ಒಮ್ಮುಖ ಮಾತು ಆದ್ದರಿಂದ ಎಸಿ ಆನ್ ಆಯಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಹಳೇ ಫ್ಯಾನಿಗೆ ಫ್ಯಾನಿನದ್ದೇ ಮಾಡ್ಯೂಲ್, ಲೈಟಿನ ಡಿಮ್ಮರ್ ಅಲ್ಲ. ಡಿಮ್ಮರ್ ಹಾಕಿದರೆ ಗುಂಯ್ ಅನ್ನುತ್ತದೆ. ಬಿಎಲ್‌ಡಿಸಿ ಫ್ಯಾನಿಗೆ (ಕಡಿಮೆ ಕರೆಂಟ್ ತಿನ್ನುವ ಹೊಸ ಮಾದರಿ) ರೆಗ್ಯುಲೇಟರೇ ಬೇಡ, ಅದರ ರಿಮೋಟನ್ನು ಅನುಕರಿಸಿ ಅಥವಾ ವೈಫೈ ಇರುವುದನ್ನೇ ಕೊಳ್ಳಿ.

ಅಮೆರಿಕದಿಂದ ಮಗ ಝೀ-ವೇವ್ ಲಾಕ್ ತಂದಿದ್ದಾನೆ. ಇಲ್ಲಿ ಹಾಕ್ಬಹುದಾ?

ಬೇಡ. ಅಲ್ಲಿನ ಝೀ-ವೇವ್ 908.42 ಮೆಗಾಹರ್ಟ್ಜ್. ನಮ್ಮ ಹಬ್ಬು 865.2. ಎರಡಕ್ಕೂ ಒಂದಕ್ಕೊಂದು ಕೇಳಿಸುವುದೇ ಇಲ್ಲ. ಅಲ್ಲಿಂದಲೇ ಹಬ್ ಕೂಡ ತಂದರೆ ಕೆಲಸ ಮಾಡುತ್ತದೆ, ಆದರೆ 890ರಿಂದ 915 ಮೆಗಾಹರ್ಟ್ಜ್ ನಮ್ಮ ದೇಶದಲ್ಲಿ ಮೊಬೈಲ್ ಫೋನುಗಳು ಟವರಿಗೆ ಮಾತಾಡುವ ಜಾಗ. ಅಲ್ಲಿ ಕೂತು ಪ್ರಸಾರ ಮಾಡುವುದು ಕಾನೂನಿಗೆ ವಿರುದ್ಧ. ಜಿಗ್‌ಬೀ, ಥ್ರೆಡ್, ವೈಫೈ, ಬ್ಲೂಟೂತ್ ಲಾಕ್ ತಂದರೆ ಈ ತಾಪತ್ರಯವಿಲ್ಲ, 2.4 ಗಿಗಾಹರ್ಟ್ಜ್ ಎಲ್ಲ ಕಡೆ ಒಂದೇ. ಪ್ಲಗ್ಗು ಸ್ವಿಚ್ಚು ಮಾತ್ರ ತರಿಸಬೇಡಿ, ಅಲ್ಲಿನದು 120 ವೋಲ್ಟ್.

ಕ್ಯಾಮೆರಾಗೆ?

ವೈಫೈ, ಆದರೆ ಸಾಧ್ಯವಿದ್ದರೆ ಈಥರ್ನೆಟ್ ತಂತಿ. ಜಿಗ್‌ಬೀಯ ವೇಗ ಸೆಕೆಂಡಿಗೆ 250 ಕಿಲೋಬಿಟ್, ವಿಡಿಯೋಗೆ ಸಾಲದು.

## ಹಾಕಿಸಿದ ಮೇಲೆ ಏಳುವ ಪ್ರಶ್ನೆಗಳು

ಜಿಗ್‌ಬೀ ಸೆನ್ಸರ್ ಆಗಾಗ ಬಿಟ್ಟುಹೋಗುತ್ತೆ. ಸಾಮಾನು ಕಳಪೆನಾ?

ಸಾಮಾನನ್ನು ಬೈಯುವ ಮುಂಚೆ ಚಾನೆಲ್ ನೋಡಿ. ಜಿಗ್‌ಬೀಗೆ 11ರಿಂದ 26ರವರೆಗೆ 16 ಚಾನೆಲ್. ವೈಫೈ 1, 6, 11 ಅದೇ ಗಾಳಿಯಲ್ಲಿ ಅಗಲವಾಗಿ ಕೂತಿರುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಫೋನ್ ತೆಗೆದು ವೈಫೈ ಪಟ್ಟಿ ನೋಡಿ, ಅಕ್ಕಪಕ್ಕ ಮೇಲೆ ಕೆಳಗಿನವರದೆಲ್ಲ ಸಾಲಾಗಿ ಕಾಣುತ್ತದೆ. ಜಿಗ್‌ಬೀ 15 ಮತ್ತು 20 ವೈಫೈ ಚಾನೆಲ್‌ಗಳ ನಡುವಿನ ಸಂದಿಯಲ್ಲಿ ಬೀಳುತ್ತವೆ, 25 ವೈಫೈ 11ರ ಆಚೆಗೆ. ಈ ಮೂರರಲ್ಲಿ ಒಂದು ಇರಲಿ. 26ರಲ್ಲಿ ಕೆಲವು ಉಪಕರಣಗಳು ಶಕ್ತಿ ಕಡಿಮೆ ಮಾಡಿಕೊಳ್ಳುತ್ತವೆ, ಅದು ಬೇಡ. ನಿಮ್ಮ ರೂಟರಿನ 2.4 ಗಿಗಾಹರ್ಟ್ಜ್ ಅಗಲವನ್ನು 20 ಮೆಗಾಹರ್ಟ್ಜ್‌ಗೆ ಇಳಿಸಿ. 40 ಇಟ್ಟರೆ ನಿಮಗೂ ಪಕ್ಕದವರಿಗೂ ಸಂದಿಯೇ ಉಳಿಯುವುದಿಲ್ಲ.

ಹಬ್ಬಿನ ಬದಲು ಯುಎಸ್‌ಬಿ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಜಿಗ್‌ಬೀ ರೇಡಿಯೋ) ಬಳಸುತ್ತಿದ್ದರೆ ಅದನ್ನು ಕಂಪ್ಯೂಟರಿನ ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಗೆ ನೇರ ಚುಚ್ಚಬೇಡಿ. ಯುಎಸ್‌ಬಿ 3ರ ಸದ್ದು 2.4 ಗಿಗಾಹರ್ಟ್ಜ್‌ನಲ್ಲೇ ಇರುತ್ತದೆ. ಒಂದು ಮೀಟರ್ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ದೂರ ತನ್ನಿ. ಅಷ್ಟಕ್ಕೇ ಸರಿಹೋದ ಮನೆಗಳು ಬಹಳ.

ಬಟನ್ ಸೆಲ್ಲನ್ನೂ ಒಮ್ಮೆ ಬದಲಿಸಿ ನೋಡಿ. ನಕಲಿ ಸೆಲ್ಲುಗಳು ಎಲ್ಲ ಕಡೆ ಇವೆ.

ಡಬ್ಬದ ಮೇಲೆ ಮ್ಯಾಟರ್ ಗುರುತು ಇದ್ರೆ ಕಣ್ಣು ಮುಚ್ಚಿ ತಗೋಬಹುದಾ?

ಕಣ್ಣು ತೆರೆದೇ ತಗೊಳ್ಳಿ. ಮೊದಲು ನೋಡಬೇಕಾದ್ದು ಅದು ಥ್ರೆಡ್ ಮೇಲಿನ ಮ್ಯಾಟರೋ, ವೈಫೈ ಮೇಲಿನದೋ. ಥ್ರೆಡ್ ಆದರೆ ಮನೆಯಲ್ಲಿ ಬಾರ್ಡರ್ ರೂಟರ್ ಬೇಕು, ಅಂದರೆ ಥ್ರೆಡ್ ಜಾಲವನ್ನು ಮನೆಯ ವೈಫೈಗೆ ಜೋಡಿಸುವ ಉಪಕರಣ. ಹೋಮ್‌ಪಾಡ್ ಮಿನಿ, ಎರಡನೇ ತಲೆಮಾರಿನ ನೆಸ್ಟ್ ಹಬ್, ನಾಲ್ಕನೇ ತಲೆಮಾರಿನ ದೊಡ್ಡ ಎಕೋ ಇಂಥ ಸ್ಮಾರ್ಟ್ ಸ್ಪೀಕರು, ಡಿಸ್‌ಪ್ಲೇಗಳಲ್ಲಿ ಅದು ಒಳಗೇ ಇದೆ.

ಎರಡನೆಯದು, ಆ ಜಾತಿಯ ಉಪಕರಣ ಮ್ಯಾಟರಿನ ಯಾವ ಆವೃತ್ತಿಯಲ್ಲಿ ಬಂತು ಎಂಬುದು. ಮೊದಲ ಆವೃತ್ತಿಯಲ್ಲಿ ಲೈಟು, ಪ್ಲಗ್ಗು, ಲಾಕು, ಕೆಲವು ಸೆನ್ಸರು ಇದ್ದವು. ಫ್ಯಾನು, ಫ್ರಿಜ್ಜು, ರೋಬೋ ಪೊರಕೆ ಸೇರಿದ್ದು 2023ರ ಅಕ್ಟೋಬರಿನ 1.2ರಲ್ಲಿ. ಉಪಕರಣಕ್ಕೆ ಗೊತ್ತಿದ್ದರೆ ಸಾಲದು, ನಿಮ್ಮ ಆ್ಯಪಿಗೂ ಆ ಆವೃತ್ತಿ ಗೊತ್ತಿರಬೇಕು. ಇಲ್ಲದಿದ್ದರೆ ಫ್ಯಾನು ಬರೀ ಆನ್-ಆಫ್ ಆಗಿ ಕಾಣಿಸಬಹುದು.

ಅದರ ನಿಜವಾದ ಲಾಭ ಏನೆಂದರೆ, ಒಂದೇ ಪ್ಲಗ್ಗನ್ನು ಏಕಕಾಲಕ್ಕೆ ಎರಡು ಮೂರು ಆ್ಯಪ್‌ಗಳಿಗೆ ಸೇರಿಸಬಹುದು. ಗಂಡ ಐಫೋನ್, ಹೆಂಡತಿ ಆಂಡ್ರಾಯ್ಡ್ ಇರುವ ಮನೆಯಲ್ಲಿ ಜಗಳ ಕಡಿಮೆ. ಡಬ್ಬದೊಳಗಿನ ಕ್ಯೂಆರ್ ಕೋಡಿನ ಚೀಟಿಯನ್ನು ಬಿಸಾಡಬೇಡಿ, ಫೋಟೋ ತೆಗೆದಿಡಿ. ರೀಸೆಟ್ ಮಾಡಿದಾಗ ಅದಿಲ್ಲದೆ ಮತ್ತೆ ಸೇರಿಸಲು ಆಗುವುದಿಲ್ಲ. ಸ್ವಿಚ್ಚಿನ ಮಾಡ್ಯೂಲಾದರೆ ಕೋಡು ಗೋಡೆಯೊಳಗೆ ಮುಚ್ಚಿಹೋಗಿರುತ್ತದೆ ಬೇರೆ.

ಎರಡು ಕಂಪನಿ ಥ್ರೆಡ್ ಸ್ಪೀಕರ್ ಇವೆ. ಒಂದಕ್ಕೊಂದು ಕೂಡಿಕೊಳ್ತವಾ?

ತಾವಾಗಿಯೇ ಕೂಡಿಕೊಳ್ಳುತ್ತವೆ ಎಂಬ ಭರವಸೆ ಇಲ್ಲ. ಬಹಳ ಮನೆಗಳಲ್ಲಿ ಎರಡು ಬೇರೆ ಬೇರೆ ಥ್ರೆಡ್ ಜಾಲ ಆಗಿಬಿಡುತ್ತದೆ, ಎರಡೂ ಬಡಕಲು. ಇದನ್ನು ಸರಿಪಡಿಸಲೆಂದೇ 2024ರ ಥ್ರೆಡ್ 1.4ರಲ್ಲಿ ಜಾಲದ ಕೀಲಿಯನ್ನು ಕಂಪನಿಗಳ ನಡುವೆ ಹಂಚಿಕೊಳ್ಳುವ ಒಂದೇ ವಿಧಾನ ತಂದರು. ನಿಮ್ಮ ಎರಡೂ ಸ್ಪೀಕರ್ ಆ ಅಪ್‌ಡೇಟ್ ಪಡೆಯುವವರೆಗೆ ಎಲ್ಲ ಉಪಕರಣಗಳನ್ನೂ ಒಂದೇ ಕಂಪನಿಯ ಬಾರ್ಡರ್ ರೂಟರಿಗೆ ಸೇರಿಸಿ, ಇನ್ನೊಂದು ಆ್ಯಪಿಗೆ ಮ್ಯಾಟರ್ ಮೂಲಕ ಹಂಚಿ.

ಉಪಕರಣ ಸಿಗುತ್ತಲೇ ಇಲ್ಲ ಅಂದರೆ ಫೋನು ಗೆಸ್ಟ್ ವೈಫೈಯಲ್ಲಿದೆಯೇ ನೋಡಿ. ಗೆಸ್ಟ್ ಜಾಲ ಒಂದು ಉಪಕರಣಕ್ಕೆ ಇನ್ನೊಂದು ಕಾಣದಂತೆ ಮಾಡುತ್ತದೆ, ಮ್ಯಾಟರಿಗೆ ಅದು ಆಗುವುದಿಲ್ಲ.

ಇಂಟರ್ನೆಟ್ ಕಂಪನಿ ಬದಲಾಯಿಸ್ತಿದ್ದೀವಿ. ಎಲ್ಲ ಸ್ವಿಚ್ಚೂ ಮತ್ತೆ ಜೋಡಿಸ್ಬೇಕಾ?

ಹೊಸ ರೂಟರ್‌ಗೆ ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡ್ ಅಕ್ಷರ ಬಿಡದೆ ಹಾಗೇ ಕೊಡಿ. ವೈಫೈ ಸ್ವಿಚ್ಚುಗಳು ಏನೂ ಆಗದಂತೆ ಸೇರಿಕೊಳ್ಳುತ್ತವೆ. ಸೆಕ್ಯುರಿಟಿ ಬರೀ ಡಬ್ಲ್ಯುಪಿಎ3 ಅಂತಿದ್ದರೆ ಹಳೇ ಸಾಮಾನುಗಳು ಸೇರುವುದಿಲ್ಲ, ಡಬ್ಲ್ಯುಪಿಎ2 ಕೂಡ ಇರುವ ಆಯ್ಕೆ ಇಡಿ. 2.4 ಮತ್ತು 5 ಗಿಗಾಹರ್ಟ್ಜ್ ಒಂದೇ ಹೆಸರಿನಲ್ಲಿದ್ದು ಹೊಸ ಸ್ವಿಚ್ ಸೇರಿಸಲು ಒದ್ದಾಡುತ್ತಿದ್ದರೆ ಆ ಹೊತ್ತಿಗೆ ಮಾತ್ರ 5 ಆಫ್ ಮಾಡಿ.

ಕಂಪನಿ ಮುಚ್ಚಿಹೋದ್ರೆ ನಮ್ಮ ಮನೆ ಗತಿ?

ಭಯ ಸುಮ್ನೆ ಅಲ್ಲ. ಅಮೆರಿಕದಲ್ಲಿ 2016ರ ಮೇ ತಿಂಗಳಲ್ಲಿ ರಿವಾಲ್ವ್ ಹಬ್ಬಿನ ಸರ್ವರ್ ನಿಲ್ಲಿಸಿದಾಗ ಆ ಹಬ್ಬುಗಳೆಲ್ಲ ಡಬ್ಬಗಳಾದವು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಸ್ಮಾರ್ಟ್ ಮನೆ ಕಂಪನಿ ಮುನ್ಸೂಚನೆ ಕೊಡದೆ ಸರ್ವರ್ ನಿಲ್ಲಿಸಿಬಿಟ್ಟಿತು.

ಇಲ್ಲಿ ಪ್ರೋಟೋಕಾಲ್ ಆಯ್ಕೆ ನಿಜವಾಗಿ ಕೈಹಿಡಿಯುತ್ತದೆ. ಜಿಗ್‌ಬೀ ಸ್ವಿಚ್ಚಿಗೆ ತನ್ನ ಕಂಪನಿ ಬದುಕಿದೆಯೋ ಇಲ್ಲವೋ ಬೇಕಿಲ್ಲ. ಹಬ್ ಸತ್ತರೆ ಬೇರೆ ಹಬ್ಬಿಗೆ ಜೋಡಿಸಬಹುದು. ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶವನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಹಾಕಿ, ಜಿಗ್‌ಬೀ ಡಾಂಗಲ್ ಚುಚ್ಚಿದರೆ ನಿಮ್ಮದೇ ಹಬ್. ವಾರದ ಕೊನೆಯ ಎರಡು ದಿನ ಕೂರುವ ಆಸಕ್ತಿ ಬೇಕು ಅಷ್ಟೇ. ಕ್ಲೌಡನ್ನೇ ನಂಬಿದ ವೈಫೈ ಸ್ವಿಚ್ಚಿಗೆ ಇಂಥ ದಾರಿ ಬಹಳ ಸಲ ಇರುವುದಿಲ್ಲ.

ಯಾರಾದ್ರೂ ಹೊರಗಡೆಯಿಂದ ಹ್ಯಾಕ್ ಮಾಡಿ ಬಾಗಿಲು ತೆಗೆದ್ರೆ?

ಜಿಗ್‌ಬೀ, ಝೀ-ವೇವ್, ಥ್ರೆಡ್ ಮೂರೂ 128 ಬಿಟ್ ಎಇಎಸ್ ಗೂಢಲಿಪಿ ಬಳಸುತ್ತವೆ. ದುರ್ಬಲ ಗಳಿಗೆ ಇರುವುದು ಹೊಸ ಉಪಕರಣ ಸೇರಿಸುವಾಗ. ಹಳೇ ಪದ್ಧತಿಯ ಜಿಗ್‌ಬೀ ಜೋಡಣೆಯಲ್ಲಿ ಜಾಲದ ಕೀಲಿಯನ್ನು ಎಲ್ಲರಿಗೂ ಗೊತ್ತಿರುವ ಒಂದು ಸಾಮಾನ್ಯ ಕೀಲಿಯಲ್ಲಿ ಮುಚ್ಚಿ ಕಳಿಸುತ್ತಾರೆ. ಹಾಗಾಗಿ ಜೋಡಣೆಗೆ ಬಾಗಿಲು ತೆರೆದಿಟ್ಟು ಮರೆಯಬೇಡಿ, ಕೆಲಸ ಮುಗಿದ ಕೂಡಲೇ ಮುಚ್ಚಿ. ಲಾಕಾದರೆ ಇನ್‌ಸ್ಟಾಲ್ ಕೋಡ್ (ಆ ಒಂದು ಉಪಕರಣಕ್ಕೇ ಮೀಸಲಾದ ಜೋಡಣೆಯ ಗುಟ್ಟಿನ ಕೋಡು) ಇರುವುದನ್ನು ಕೊಳ್ಳಿ. ಝೀ-ವೇವ್ ಆದರೆ ಎಸ್2 ಎಂಬ ಹೊಸ ಭದ್ರತಾ ವ್ಯವಸ್ಥೆ ಇರಬೇಕು, 2017ರ ಏಪ್ರಿಲಿನ ನಂತರ ಪ್ರಮಾಣೀಕರಿಸಿದವಕ್ಕೆ ಅದು ಕಡ್ಡಾಯ.

ಬೀದಿಯಲ್ಲಿ ನಿಂತು ಜಿಗ್‌ಬೀ ಮುರಿಯುವವನಿಗಿಂತ ನಿಮ್ಮ ಆ್ಯಪಿನ ಪಾಸ್‌ವರ್ಡ್ ಊಹಿಸುವವನೇ ಜಾಸ್ತಿ ಅಪಾಯ. ಎರಡು ಹಂತದ ಲಾಗಿನ್ ಹಾಕಿ. ರೂಟರಿನ ಹಿಂದೆ ಅಂಟಿಸಿದ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.

ಡಾಂಗಲ್ ಕೆಟ್ಟುಹೋದ್ರೆ ನಲವತ್ತು ಸ್ವಿಚ್ಚೂ ಬಿಚ್ಚಿ ಜೋಡಿಸ್ಬೇಕಾ?

ಬ್ಯಾಕಪ್ ಇದ್ದರೆ ಬೇಡ. ಜಿಗ್‌ಬೀ ಜಾಲದ ಗುರುತು ಎಂದರೆ ಅದರ ನೆಟ್‌ವರ್ಕ್ ಕೀಲಿ, ಪ್ಯಾನ್ ಐಡಿ (ಜಾಲದ ಸಂಖ್ಯೆ), ಚಾನೆಲ್ಲು ಮತ್ತು ಡಾಂಗಲಿನ ವಿಳಾಸ. ಇವನ್ನು ಹೊಸ ಡಾಂಗಲಿಗೆ ಬರೆದರೆ ಸ್ವಿಚ್ಚುಗಳಿಗೆ ಯಜಮಾನ ಬದಲಾದದ್ದು ತಿಳಿಯುವುದಿಲ್ಲ. ಒಂದೇ ಜಾತಿಯ ಚಿಪ್ಪಿನ ಡಾಂಗಲ್ ಆದರೆ ಸುಲಭ, ಬೇರೆಯಾದರೆ ಸ್ವಲ್ಪ ಕಸರತ್ತು. ಬ್ಯಾಕಪ್ಪನ್ನು ಅದೇ ಪೈ ಒಳಗಿನ ಮೆಮೊರಿ ಕಾರ್ಡಿನಲ್ಲಿ ಇಡಬೇಡಿ. ಪದೇ ಪದೇ ಕರೆಂಟ್ ಹೋಗುವ ಮನೆಯಲ್ಲಿ ಮೊದಲು ಹಾಳಾಗುವುದು ಆ ಕಾರ್ಡೇ. ತಿಂಗಳಿಗೊಮ್ಮೆ ಲ್ಯಾಪ್‌ಟಾಪಿಗೆ ತಾನೇ ಕಾಪಿ ಆಗುವ ಹಾಗೆ ಇಟ್ಟುಬಿಡಿ.